ಟೀಚರಿಗೆ ಈ ಪತ್ರ ಕೊಡಲೇಬೇಕು

(ನಮ್ಮ ಮನೆಯವರ ಗ್ರೂಪಿನಲ್ಲಿ ನಡೆದ ಮಾತು. ಪುಟ್ಟಿ ನನ್ನ ಮಗಳು, ಮೂರನೇ ಕ್ಲಾಸು.)

ನಾನು: ಪುಟ್ಟಿಯ ಹೊಸ ಕ್ಲಾಸ್ ಟೀಚರಿಗೆ ಬರೆದ ಪತ್ರದ ಪಿಡಿಎಫ್ ಮೇಲೆ ಹಾಕಿದ್ದೇನೆ. ಅವಳಿಗೆ ಎಡಗಿವಿ ಕೇಳಿಸುವುದಿಲ್ಲ, ಎಲ್ಲಿ ಕೂರಿಸಬೇಕು, ಹೇಗೆ ಮಾತಾಡಿಸಬೇಕು ಅಂತೆಲ್ಲ ಇದೆ. ಎಲ್ಲರೂ ಒಮ್ಮೆ ಓದಿ ಹೇಳಿ. ಸೋಮವಾರ ಕೊಡಬೇಕು.

ಡೊಂಬಿವಲಿ ದೊಡ್ಡಪ್ಪ: ಓದಿದೆ. ಕೊಡಬೇಡ ಕಣಮ್ಮ. ಒಂದು ಕಿವಿ ಚೆನ್ನಾಗಿದೆ ತಾನೇ? ನಮ್ಮ ವರ್ಕ್‌ಶಾಪಿನಲ್ಲಿ ಒಬ್ಬರಿಗೆ ಒಂದೇ ಕಿವಿ ಕೇಳಿಸುತ್ತಿತ್ತು, ರಿಟೈರ್ ಆಗುವವರೆಗೂ ಯಾರಿಗೂ ಗೊತ್ತಾಗಲಿಲ್ಲ. ಹೆಣ್ಣು ಮಗು ಬೇರೆ. ಇವತ್ತು ಶಾಲೆಗೆ ಬರೆದುಕೊಟ್ಟಿದ್ದು ನಾಳೆ ಎಲ್ಲೆಲ್ಲಿಗೋ ಹೋಗುತ್ತದೆ.

ಮಾಟುಂಗ ಅತ್ತೆ: ಅಣ್ಣ ಹೇಳುವುದೂ ಸರಿ ಅನ್ನಿಸುತ್ತದೆ. ಮಕ್ಕಳು ಆಡಿಕೊಳ್ಳುತ್ತಾರೆ. ಸುಮ್ನೆ ಯಾಕೆ?

ನಾನು: ದೊಡ್ಡಪ್ಪ, ದೊಡ್ಡವರಿಗೆ ಅರ್ಧ ಕೇಳಿಸಿದರೂ ಉಳಿದದ್ದನ್ನು ಊಹಿಸಿಕೊಳ್ಳುತ್ತಾರೆ, ಯಾಕೆಂದರೆ ಮಾತು ಮೊದಲೇ ಗೊತ್ತಿರುತ್ತದೆ. ಮೂರನೇ ಕ್ಲಾಸಿನ ಮಗು ಮಾತನ್ನೇ ಕಲಿಯುತ್ತಿದೆ, ಅದೂ ಮನೆಯಲ್ಲಿ ಕನ್ನಡ, ಕೆಳಗೆ ಆಡುವಾಗ ಮರಾಠಿ ಹಿಂದಿ, ಕ್ಲಾಸಿನಲ್ಲಿ ಇಂಗ್ಲಿಷ್. ಗೊತ್ತಿಲ್ಲದ ಪದವನ್ನು ಊಹಿಸುವುದು ಹೇಗೆ? ಎಡಗಡೆಯಿಂದ ಯಾರಾದರೂ ಮಾತಾಡಿದರೆ ಆ ಶಬ್ದ ತಲೆಯನ್ನು ಸುತ್ತಿಕೊಂಡು ಬಲಗಿವಿಗೆ ಬರಬೇಕು. ದಪ್ಪ ದನಿ ಹೇಗೋ ಬಂದುಬಿಡುತ್ತದೆ, ಸ, ತ, ಕ ಥರದ ಸಣ್ಣ ಚೂಪು ಶಬ್ದಗಳನ್ನು ತಲೆಯೇ ತಡೆಯುತ್ತದೆ. ಫ್ಯಾನು, ಬೆಂಚು ಎಳೆಯುವುದು, ಹೊರಗೆ ರಿಕ್ಷಾ, ಇಷ್ಟರ ನಡುವೆ ಹಾಲು, ಸಾಲು, ಕಾಲು ಎಲ್ಲ ಒಂದೇ ಥರ ಕೇಳಿಸುತ್ತದೆ. ಮನೆಯಲ್ಲಿ ಎದುರುಬದುರು ಕೂತು ಮಾತಾಡಿದರೆ ಅವಳಿಗೆ ಎಲ್ಲವೂ ಕೇಳಿಸುತ್ತದೆ. ಅದಕ್ಕೇ ನಿಮಗೆಲ್ಲ ಏನೂ ತೊಂದರೆ ಇಲ್ಲ ಅನ್ನಿಸುವುದು.

ಡೊಂಬಿವಲಿ ದೊಡ್ಡಪ್ಪ: ಹಾಗಾದರೆ ಕನ್ನಡ ಬಿಟ್ಟುಬಿಡಿ. ಇಂಗ್ಲಿಷ್ ಒಂದೇ ಮಾತಾಡಿ, ಮಗುವಿಗೆ ಹೊರೆ ಕಡಿಮೆ.

ನಾನು: ಅದು ಆಗುವುದಿಲ್ಲ. ನನಗೆ ತುಂಬು ಮನಸ್ಸಿನಿಂದ ಮಾತಾಡಲು ಬರುವ ಭಾಷೆ ಕನ್ನಡ. ಮನೆಯಲ್ಲಿ ಮಗುವಿಗೆ ಮಾತು ಜಾಸ್ತಿ ಸಿಗಬೇಕು, ಕಡಿಮೆ ಅಲ್ಲ.

ಪುಣೆ ತಮ್ಮ: ಅಕ್ಕಾ, ಆಪರೇಷನ್ ಮಾಡಿ ಮಷಿನ್ ಹಾಕುತ್ತಾರಲ್ಲ, ಅದು ಆಗಲ್ವಾ?

ನಾನು: ಕಾಕ್ಲಿಯರ್ ಇಂಪ್ಲಾಂಟ್ ಅಲ್ವಾ? ಒಂದೇ ಕಿವಿ ಕೇಳಿಸದವರಿಗೂ ಈಗ ಹಾಕುತ್ತಾರೆ, ಅಮೆರಿಕದಲ್ಲಿ 2019ರಲ್ಲಿ ಐದು ವರ್ಷ ದಾಟಿದವರಿಗೆ ಒಪ್ಪಿಗೆ ಸಿಕ್ಕಿತು. ಆದರೆ ಕಿವಿಯಿಂದ ಮೆದುಳಿಗೆ ಹೋಗುವ ನರ ಚೆನ್ನಾಗಿರಬೇಕು. ಪುಟ್ಟಿಯ ಎಂಆರ್‌ಐನಲ್ಲಿ ಎಡಗಡೆಯ ನರ ತುಂಬ ತೆಳುವಾಗಿದೆ. ಮಾಮೂಲಿ ಹಿಯರಿಂಗ್ ಏಡ್ ಹಾಕಲು ಆ ಕಿವಿಯಲ್ಲಿ ಸ್ವಲ್ಪವಾದರೂ ಕೇಳಿಸುವ ಶಕ್ತಿ ಉಳಿದಿರಬೇಕು, ಅದೂ ಇಲ್ಲ. ಕ್ರಾಸ್ ಅಂತ ಒಂದು ಸಾಧನ ಇದೆ, ಎಡಗಡೆ ಮೈಕ್, ಅಲ್ಲಿಯ ಶಬ್ದವನ್ನು ಬಲಗಿವಿಗೆ ಕಳಿಸುತ್ತದೆ. ಆದರೆ ಎಡಗಡೆಯ ಗಲಾಟೆಯನ್ನೂ ಚೆನ್ನಾಗಿರುವ ಕಿವಿಗೆ ತಂದು ಸುರಿಯುತ್ತದೆ. ಕ್ಲಾಸಿಗೆ ಒಳ್ಳೆಯದು ರಿಮೋಟ್ ಮೈಕ್. ಟೀಚರ್ ಕೊರಳಿಗೆ ಸಣ್ಣ ಮೈಕ್ ಹಾಕಿಕೊಳ್ಳುತ್ತಾರೆ, ಅವರ ದನಿ ನೇರ ಅವಳ ಕಿವಿಗೇ ಬರುತ್ತದೆ. ಟೀಚರಿಗೆ ಹೇಳದೆ ಅವರ ಕೊರಳಿಗೆ ಮೈಕ್ ಹಾಕಿಸುವುದು ಹೇಗೆ, ದೊಡ್ಡಪ್ಪ?

ಮಾಟುಂಗ ಅತ್ತೆ: ಅಂಗವಿಕಲರ ಸರ್ಟಿಫಿಕೇಟ್ ಮಾಡಿಸಿದರೆ ಶಾಲೆಯವರೇ ಎಲ್ಲ ಮಾಡಬೇಕಾಗುತ್ತದೆ ಅಲ್ವಾ? ಪತ್ರ ಗಿತ್ರ ಬೇಕಾಗಲ್ಲ.

ನಾನು: ಇಲ್ಲ ಅತ್ತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಗೆ 60 ಡೆಸಿಬೆಲ್ (ಶಬ್ದದ ಜೋರಿನ ಅಳತೆ) ನಷ್ಟ ಇದ್ದರೆ ಮಾತ್ರ ಕಿವಿ ಮಂದ ಅಂತ ಲೆಕ್ಕ, 70 ದಾಟಿದರೆ ಕಿವುಡು, ಅದೂ ಎರಡೂ ಕಿವಿಗೆ. ಒಂದು ಕಿವಿ ಪೂರ್ತಿ ಹೋಗಿದ್ದರೂ ನಮ್ಮ ಮಗು ಆ ಲೆಕ್ಕಕ್ಕೆ ಬರುವುದಿಲ್ಲ. ಕಾಯ್ದೆ ಕೈ ಹಿಡಿಯದ ಕಡೆ ನಾವೇ ಬಾಯಿಬಿಟ್ಟು ಕೇಳಬೇಕು. ಪತ್ರ ಬೇಕಾಗಿರುವುದೇ ಅದಕ್ಕೆ.

ಡೊಂಬಿವಲಿ ದೊಡ್ಡಪ್ಪ: ನಾನು ಹೇಳುತ್ತಿರುವುದು ಹಣೆಪಟ್ಟಿಯ ಬಗ್ಗೆ. ಅದು ಒಮ್ಮೆ ಅಂಟಿದರೆ ಹೋಗುವುದಿಲ್ಲ.

ನಾನು: ಹಣೆಪಟ್ಟಿ ಈಗಾಗಲೇ ಅಂಟಿದೆ ದೊಡ್ಡಪ್ಪ. ಹೋದ ವರ್ಷದ ರಿಪೋರ್ಟ್ ಕಾರ್ಡಿನಲ್ಲಿ "ಗಮನ ಕೊಡುವುದಿಲ್ಲ, ಕರೆದರೆ ಬೇರೆ ಕಡೆ ನೋಡುತ್ತಾಳೆ" ಅಂತ ಬರೆದಿದ್ದಾರೆ. ಬೇರೆ ಕಡೆ ನೋಡದೆ ಇನ್ನೇನು ಮಾಡುತ್ತಾಳೆ? ಶಬ್ದ ಯಾವ ಕಡೆಯಿಂದ ಬಂತು ಅಂತ ತಿಳಿಯುವುದು ಎರಡು ಕಿವಿಯನ್ನು ಹೋಲಿಸಿ. ಹತ್ತಿರದ ಕಿವಿಗೆ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ಮೊದಲು ಮುಟ್ಟುತ್ತದೆ, ಸ್ವಲ್ಪ ಜೋರಾಗಿಯೂ ಕೇಳಿಸುತ್ತದೆ, ಅಷ್ಟರಿಂದಲೇ ಮೆದುಳು ದಿಕ್ಕು ಹಿಡಿಯುತ್ತದೆ. ಒಂದೇ ಕಿವಿ ಇದ್ದರೆ ಹೋಲಿಸಲು ಏನೂ ಇಲ್ಲ. ಎಲ್‌ಬಿಎಸ್ ರಸ್ತೆ ದಾಟುವಾಗ ಅವಳಿಗೆ ಹಾರ್ನ್ ಕೇಳಿಸುತ್ತದೆ, ಬಸ್ಸು ಯಾವ ಕಡೆ ಅಂತ ಗೊತ್ತಾಗುವುದಿಲ್ಲ, ನನ್ನ ಎದೆ ಧಸಕ್ ಅನ್ನುತ್ತದೆ. ಇದನ್ನೆಲ್ಲ ಮುಚ್ಚಿಟ್ಟರೆ ಮಗುವಿಗೆ ಸಿಗುವ ಹೆಸರು ಸೋಮಾರಿ, ಮೊಂಡು. ನನ್ನ ಮಗಳು ಎರಡೂ ಅಲ್ಲ. ದಿನವಿಡೀ ಕಿವಿಗೊಟ್ಟು ಕೇಳಿ ಕೇಳಿ ಸಂಜೆ ಬರುವಷ್ಟರಲ್ಲಿ ಸೋತುಹೋಗಿರುತ್ತಾಳೆ, ಷೂ ಬಿಚ್ಚುವ ಮೊದಲೇ ಅಳು.

ಡಾಕ್ಟರುಗಳೂ ಮೊದಲು ನಿಮ್ಮ ಹಾಗೇ ಒಂದು ಕಿವಿ ಸಾಕು ಅನ್ನುತ್ತಿದ್ದರು. 1984ರಲ್ಲಿ ಅಮೆರಿಕದ ಸಂಶೋಧಕರಾದ ಫ್ರೆಡ್ ಬೆಸ್ ಮತ್ತು ಆನ್ ಮರಿ ಥಾರ್ಪ್ ಇಂಥ 60 ಮಕ್ಕಳನ್ನು ನೋಡಿದರು. ನೂರಕ್ಕೆ 35ರಷ್ಟು ಮಕ್ಕಳು ಒಂದು ಕ್ಲಾಸಿನಲ್ಲಾದರೂ ಫೇಲಾಗಿದ್ದರು. 2010ರಲ್ಲಿ ಜುಡಿತ್ ಲಿಯು ಅವರ ತಂಡ ಇಂಥ ಮಕ್ಕಳನ್ನು ಅವರದೇ ಅಣ್ಣತಮ್ಮ ಅಕ್ಕತಂಗಿಯರ ಜೊತೆ ಹೋಲಿಸಿತು, ಒಂದೇ ಮನೆ, ಒಂದೇ ಅಪ್ಪಅಮ್ಮ, ಆದರೂ ಮಾತಿನ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತು. ಎಲ್ಲ ಮಕ್ಕಳೂ ಹಿಂದೆ ಬೀಳುತ್ತಾರೆ ಅಂತ ಇದರ ಅರ್ಥ ಅಲ್ಲ. ಎಷ್ಟೋ ಮಕ್ಕಳು ಚೆನ್ನಾಗಿ ಓದುತ್ತಾರೆ. ಯಾರು ಬೀಳುತ್ತಾರೆ ಅಂತ ಕಾದು ನೋಡುವ ಧೈರ್ಯ ನನಗಿಲ್ಲ.

ಪುಣೆ ತಮ್ಮ: ನಾನು ಅಕ್ಕನ ಪರ. ಗಣಪತಿಗೆ ಪುಣೆಗೆ ಬರ್ತೀರಲ್ಲ?

ನಾನು: ಬರುತ್ತೇವೆ, ಆದರೆ ನಿನ್ನ ಢೋಲ್ ತಾಶಾ ಬಾರಿಸುವ ತಂಡದ ಹತ್ತಿರ ಅವಳನ್ನು ಕರೆದುಕೊಂಡು ಹೋಗಬೇಡ. ಇರುವ ಒಂದು ಕಿವಿಗೆ ಪೆಟ್ಟಾದರೆ ಬೇರೆ ಗತಿಯಿಲ್ಲ. ಇಯರ್‌ಮಫ್ ಹಾಕಿದರೆ ಅವಳಿಗೆ ನಮ್ಮ ಮಾತು ಸರಿಯಾಗಿ ಕೇಳಿಸುವುದಿಲ್ಲ, ಆ ಜನಜಂಗುಳಿಯಲ್ಲಿ ಕೈ ತಪ್ಪಿದರೆ ಕೂಗಿದರೂ ಗೊತ್ತಾಗದು. ಮನೆಯ ಬಾಲ್ಕನಿಯಿಂದ ನೋಡಲಿ. ಅತ್ತೆ, ನೀವು ಕಳಿಸಿದ ಬೆಳ್ಳುಳ್ಳಿ ಎಣ್ಣೆಯ ವಿಡಿಯೋ ಕೂಡ ಬೇಡ. ಎಣ್ಣೆಯಿಂದ ನರ ಬೆಳೆಯುವುದಿಲ್ಲ, ಬಲಗಿವಿಗಂತೂ ಒಂದು ತೊಟ್ಟೂ ಹಾಕಬೇಡಿ. ಆ ಕಿವಿ ಸ್ವಲ್ಪ ನೋವು ಅಂದರೂ ಅದೇ ದಿನ ಡಾಕ್ಟರ್ ಹತ್ತಿರ ಓಡಬೇಕು.

ಮಾಟುಂಗ ಅತ್ತೆ: ಆಯ್ತಮ್ಮ, ಹಾಕಲ್ಲ.

ಡೊಂಬಿವಲಿ ದೊಡ್ಡಪ್ಪ: ಇಷ್ಟೆಲ್ಲ ಇದೆ ಅಂದಮೇಲೆ ಕೊಡು. ಆದರೆ ಎರಡು ಪುಟ ಯಾರು ಓದುತ್ತಾರೆ? ಒಂದೊಂದು ಕ್ಲಾಸಿನಲ್ಲಿ ಐವತ್ತು ಮಕ್ಕಳು. ಏನು ಮಾಡಬೇಕೋ ಅಷ್ಟೇ ಬರೆ.

ನಾನು: ಇದು ಒಪ್ಪುವ ಮಾತು. ಹೀಗೆ ಮಾಡಿದರೆ?

"ನಮ್ಮ ಮಗಳಿಗೆ ಎಡಗಿವಿ ಕೇಳಿಸುವುದಿಲ್ಲ, ಬಲಗಿವಿ ಚೆನ್ನಾಗಿದೆ. ದಯವಿಟ್ಟು ಬೋರ್ಡಿಗೆ ಮುಖ ಮಾಡಿದಾಗ ಎಡಗೋಡೆಯ ಕಡೆ, ಎರಡನೇ ಸಾಲಿನಲ್ಲಿ ಕೂರಿಸಿ. ಬಲಗಿವಿ ನಿಮ್ಮ ಕಡೆ ಇರುತ್ತದೆ. ಬೋರ್ಡಿನ ಕಡೆ ತಿರುಗಿ ಹೇಳಿದ್ದನ್ನು ಮುಖ ತೋರಿಸಿ ಇನ್ನೊಮ್ಮೆ ಹೇಳಿ. ಕೇಳಿಸಿತಾ ಅಂದರೆ ಹೂಂ ಅನ್ನುತ್ತಾಳೆ, ಏನು ಕೇಳಿಸಿತು ಅಂತ ಕೇಳಿ. ರಿಮೋಟ್ ಮೈಕ್ ಬಗ್ಗೆ ಬಂದು ಮಾತಾಡುತ್ತೇವೆ."

ಡೊಂಬಿವಲಿ ದೊಡ್ಡಪ್ಪ: ಇದು ಸರಿ. ಮರಾಠಿಯಲ್ಲೂ ಒಂದು ಪ್ರತಿ ನಾನೇ ಬರೆದುಕೊಡುತ್ತೇನೆ. ಆದರೆ ಟೀಚರ್ ಕೈಗೆ ಮಾತ್ರ ಕೊಡು, ಶಾಲೆಯ ಫೈಲಿಗೆ ಬೇಡ.

ನಾನು: ಮರಾಠಿ ಪ್ರತಿ ಖಂಡಿತ ಬರೆದುಕೊಡಿ ದೊಡ್ಡಪ್ಪ, ಸ್ಕೂಲ್ ಬಸ್ಸಿನ ಮಾವಶಿಗೂ (ಮಕ್ಕಳನ್ನು ನೋಡಿಕೊಳ್ಳುವ ಆಯಾ) ಒಂದು ಕೊಡಬೇಕು. ಫೈಲಿಗೂ ಹಾಕಿಸುತ್ತೇನೆ. ಮುಂದಿನ ವರ್ಷ ಟೀಚರ್ ಬದಲಾಗುತ್ತಾರೆ, ಪಿಟಿ ಸರ್ ಬೇರೆ, ಪರೀಕ್ಷೆಯಲ್ಲಿ ಡಿಕ್ಟೇಷನ್ ಕೊಡುವವರು ಬೇರೆ. ಪ್ರತಿ ಸಲ ಮಗುವೇ ಎದ್ದುನಿಂತು ಹೇಳಬೇಕಾಗಬಾರದು.

ಡೊಂಬಿವಲಿ ದೊಡ್ಡಪ್ಪ: ಫೈಲಿನ ವಿಷಯ ನನಗೆ ಇನ್ನೂ ಒಪ್ಪಿಗೆ ಇಲ್ಲ. ಭಾನುವಾರ ಮನೆಗೆ ಬಾ, ಮಾತಾಡೋಣ.

ನಾನು: ಬರುತ್ತೇನೆ. ಪತ್ರ ಮಾತ್ರ ಸೋಮವಾರವೇ ಕೊಡುತ್ತೇನೆ.