ಗುಂಡಿ ಒತ್ತಿದರೆ ಫ್ಯಾನ್ ಅರೆ ಸುತ್ತು ತಿರುಗಿ ನಿಲ್ಲುತ್ತದೆ

ಹೊಸ ಜೋಡಣೆ: ಹೊಸ ಕಂಪ್ಯೂಟರ್ ಜೋಡಿಸಿ ಮೂರು ದಿನಗಳಿಂದ ಹೆಣಗಾಡಿ ಸೋತಿದ್ದೇನೆ. ಪವರ್ ಗುಂಡಿ ಒತ್ತಿದೊಡನೆ ಪ್ರೊಸೆಸರ್ ಫ್ಯಾನ್ ಅರೆ ಸುತ್ತು ತಿರುಗಿ ನಿಲ್ಲುತ್ತದೆ. ಗೋಡೆಯ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕುವವರೆಗೆ ಏನು ಮಾಡಿದರೂ ಅಲುಗುವುದಿಲ್ಲ. 24 ಪಿನ್ನಿನ ಕೇಬಲ್ಲನ್ನೂ ಪ್ರೊಸೆಸರಿನ 8 ಪಿನ್ನಿನ ಕೇಬಲ್ಲನ್ನೂ ಕೊಂಡಿ ಟಕ್ಕೆನ್ನುವವರೆಗೆ ಒತ್ತಿದ್ದೇನೆ. ಮದರ್‌ಬೋರ್ಡು, ಪ್ರೊಸೆಸರ್, ಪವರ್ ಸಪ್ಲೈ ಎಲ್ಲವೂ ಹೊಸವು.

ನಾಲ್ಕನೇ ಸ್ಲಾಟ್: ಇದು ರ‍್ಯಾಮಿನ ದೋಷವೇ. ಎರಡು ರ‍್ಯಾಮ್‌ಗಳಿದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಕೂರಿಸಿ. ಒಂದೇ ಕಡೆ ಕೊಂಡಿಯಿರುವ ಬೋರ್ಡಿನಲ್ಲಿ ಇನ್ನೊಂದು ತುದಿ ಪೂರ್ತಿ ಇಳಿಯದಿದ್ದರೂ ಕಣ್ಣಿಗೆ ಕಾಣುವುದಿಲ್ಲ.

ಹೊಸ ಜೋಡಣೆ: ರ‍್ಯಾಮನ್ನು ಪೂರ್ತಿ ತೆಗೆದೂ ನೋಡಿದೆ, ವ್ಯತ್ಯಾಸವಿಲ್ಲ.

ನಾಲ್ಕನೇ ಸ್ಲಾಟ್: ಆದರೂ ಒಂದೊಂದನ್ನೇ ನಾಲ್ಕೂ ಸ್ಲಾಟುಗಳಲ್ಲಿ ಹಾಕಿ ನೋಡಿ. ನನ್ನಲ್ಲಿ ನಾಲ್ಕು ಯಂತ್ರಗಳಿವೆ, ಮೂರರಲ್ಲಿ ತೊಂದರೆ ಇದ್ದದ್ದು ಅಲ್ಲಿಯೇ.

ಬೆಸುಗೆ: ಸರ್, ರ‍್ಯಾಮನ್ನೇ ತೆಗೆದಾಗಲೂ ಲಕ್ಷಣ ಬದಲಾಗದಿದ್ದ ಮೇಲೆ ಆ ದಾರಿಯನ್ನು ಬಿಡೋಣ. ರ‍್ಯಾಮ್ ಸರಿಯಾಗಿ ಕೂರದಿದ್ದರೆ ಸಾಮಾನ್ಯವಾಗಿ ಫ್ಯಾನ್ ತಿರುಗುತ್ತಿರುತ್ತದೆ, ಪರದೆ ಮಾತ್ರ ಕಪ್ಪಾಗಿರುತ್ತದೆ. ಕ್ಷಣದಲ್ಲೇ ಎಲ್ಲವೂ ನಿಂತು, ಕರೆಂಟ್ ಕಡಿದು ಕೊಟ್ಟ ಮೇಲಷ್ಟೇ ಮತ್ತೊಮ್ಮೆ ಮಿಸುಕುವುದು, ಪವರ್ ಸಪ್ಲೈ ಎಲ್ಲೋ ಶಾರ್ಟ್ ಆಗಿರುವುದನ್ನು ಕಂಡು ತನ್ನನ್ನು ತಾನೇ ಆರಿಸಿಕೊಳ್ಳುವಾಗಿನ ವರ್ತನೆ. ಕ್ಯಾಬಿನೆಟ್ ಯಾವುದೆಂದು ನೀವು ಹೇಳಲಿಲ್ಲ.

ಪೇಸ್ಟ್: ಪ್ರೊಸೆಸರ್ ಮೇಲೆ, ಶಾಖವನ್ನು ಕೂಲರಿಗೆ ಸಾಗಿಸುವ ಪೇಸ್ಟ್ ಎಷ್ಟು ಹಚ್ಚಿದ್ದೀರಿ? ಬಟಾಣಿಯಷ್ಟು ಸಾಲದು, ತೆಳುವಾಗಿ ಪೂರ್ತಿ ಹರಡಬೇಕು.

ನಾಲ್ಕನೇ ಸ್ಲಾಟ್: ಹರಡುವ ಅಗತ್ಯವಿಲ್ಲ, ಕೂಲರಿನ ಒತ್ತಡವೇ ಹರಡುತ್ತದೆ.

ಹೊಸ ಜೋಡಣೆ: ಕ್ಯಾಬಿನೆಟ್ ಹಳೆಯದು. ಅದರಲ್ಲಿ ಮೊದಲು ಚಿಕ್ಕ ಅಳತೆಯ ಮೈಕ್ರೋ ಎಟಿಎಕ್ಸ್ ಬೋರ್ಡಿತ್ತು, ಈಗಿನದು ದೊಡ್ಡ ಅಳತೆಯ ಎಟಿಎಕ್ಸ್. ಅದನ್ನು ಹೇಳಬೇಕೆಂದು ತೋಚಲಿಲ್ಲ.

ಬೆಸುಗೆ: ಬೇಕಾಗಿದ್ದ ಮಾತು ಅದೇ. ಮೈಕ್ರೋ ಎಟಿಎಕ್ಸ್ ಗರಿಷ್ಠ 244 ಮಿಲಿಮೀಟರ್ ಚೌಕ. ಎಟಿಎಕ್ಸ್ 305 ಮಿಲಿಮೀಟರ್ ಎತ್ತರ. ಮೇಲಿನ ಎರಡು ಸಾಲಿನ ತೂತುಗಳು ಎರಡಕ್ಕೂ ಹೊಂದುತ್ತವೆ, ಆದರೆ ಚಿಕ್ಕ ಬೋರ್ಡಿನ ಕೆಳಸಾಲಿಗೆ ಹಾಕಿದ, ಬೋರ್ಡನ್ನು ಕ್ಯಾಬಿನೆಟ್ಟಿನ ತಗಡಿನಿಂದ ಮೇಲೆತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡಾಫ್‌ಗಳು ದೊಡ್ಡ ಬೋರ್ಡಿನಲ್ಲಿ ತೂತೇ ಇಲ್ಲದ ಜಾಗಕ್ಕೆ ಬಂದು ಬೆನ್ನಿನ ಬೆಸುಗೆಗೆ ತಾಗುತ್ತವೆ. ಬೋರ್ಡನ್ನು ಹೊರತೆಗೆದು ಅದರ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ಒಮ್ಮೆ ನಡೆಸಿ ನೋಡಿ. ಬೆಳ್ಳಿಬಣ್ಣದ ಚೀಲದ ಮೇಲೆ ಮಾತ್ರ ಇಡಬೇಡಿ, ಅದರ ಹೊರಮೈ ವಿದ್ಯುತ್ ಹರಿಸಬಲ್ಲದು.

ಹೊಸ ಜೋಡಣೆ: ರಟ್ಟಿನ ಮೇಲೆ ಮೊದಲ ಸಲಕ್ಕೇ, ಕಂಪ್ಯೂಟರ್ ಶುರುವಾಗುವಾಗಿನ ಬಯಾಸ್ ಪರದೆ ಬಂತು! ನೀವು ಹೇಳಿದ ಜಾಗದಲ್ಲಿಯೇ ಎರಡು ಸ್ಟ್ಯಾಂಡಾಫ್‌ಗಳು ಉಳಿದಿದ್ದವು. ಒಂದರ ನೆತ್ತಿಯಲ್ಲಿ ಹೊಳೆಯುವ ಗೀರಿದೆ. ಅದಕ್ಕೆ ಎದುರಾಗಿ ಬೋರ್ಡಿನ ಬೆನ್ನಿನಲ್ಲಿ ಬೆಸುಗೆಯ ಎರಡು ಮೊನೆಗಳು ಚಪ್ಪಟೆಯಾಗಿವೆ. ಒಂದು ಸ್ಟ್ಯಾಂಡಾಫನ್ನು ಕೈಯಿಂದಲೇ ಬಿಚ್ಚಿದೆ, ಇನ್ನೊಂದಕ್ಕೆ ಇಕ್ಕಳ ಬೇಕಾಯಿತು.

ಬೆಸುಗೆ: ಸಂತೋಷ. ಮತ್ತೆ ಕೂರಿಸುವ ಮುನ್ನ ಬೋರ್ಡಿನ ತೂತುಗಳನ್ನೂ ಕ್ಯಾಬಿನೆಟ್ಟಿನ ಸ್ಟ್ಯಾಂಡಾಫ್‌ಗಳನ್ನೂ ಎಣಿಸಿ, ಒಂದೊಂದಕ್ಕೂ ಜೋಡಿ ಇದೆಯೇ ನೋಡಿಕೊಳ್ಳಿ.

ಪೇಸ್ಟ್: ಕೂಲರ್ ಬಿಚ್ಚಿದ್ದರೆ ಹಳೆಯ ಪೇಸ್ಟ್ ಒರೆಸಿಯೇ ಹೊಸದನ್ನು ಹಚ್ಚಿ.

ಹೊಸ ಜೋಡಣೆ: ಕೂಲರ್ ಬಿಚ್ಚಿಲ್ಲ. ಒಂಬತ್ತು ತೂತು, ಒಂಬತ್ತು ಸ್ಟ್ಯಾಂಡಾಫ್. ಈಗ ತಿರುಪು ಬಿಗಿಯುತ್ತಿದ್ದೇನೆ.