ಬ್ಲಾಂಕೆಟ್ ತೊಳೆಯಲು ಪೆಟ್ರೋಲ್ ಬಿಟ್ಟು ಏನು ಬಳಸುತ್ತೀರಿ? ಸಣ್ಣ ಆಫ್‌ಸೆಟ್ ಪ್ರೆಸ್‌ನವರು ದಯವಿಟ್ಟು ಹೇಳಿ

ಬೆಟಗೇರಿ ಪ್ರೆಸ್

ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಇದೆ. ಅಪ್ಪ ಅಚ್ಚಿನ ಮೊಳೆ ಜೋಡಿಸಿ ಟ್ರೆಡಲ್ ಮಷಿನ್ ಮೇಲೆ ಶುರು ಮಾಡಿದ್ದು. ಈಗ ಒಂದು ಮಿನಿ ಆಫ್‌ಸೆಟ್, ಒಂದು ಹಳೇ ಸಿಂಗಲ್ ಕಲರ್ ದೊಡ್ಡ ಮಷಿನ್ ಇವೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್, ಆಗೀಗ ಒಂದು ಪುಸ್ತಕ ಮಾಡುತ್ತೇವೆ.

ಲಗ್ನದ ಸೀಸನ್ ಬಂದರೆ ದಿನಕ್ಕೆ ನಾಲ್ಕೈದು ಸಲ ಬಣ್ಣ ಬದಲಾಯಿಸಬೇಕು. ಪ್ರತಿ ಸಲವೂ ರೋಲರ್, ಬ್ಲಾಂಕೆಟ್ (ಪ್ಲೇಟಿನ ಅಚ್ಚನ್ನು ಕಾಗದಕ್ಕೆ ಒತ್ತುವ ರಬ್ಬರ್ ಹಾಳೆ) ತೊಳೆಯಬೇಕು. ಸೀಮೆಎಣ್ಣೆ ಸಿಗುವುದು ಕಷ್ಟವಾದ ಮೇಲೆ ಪೆಟ್ರೋಲೇ ಗತಿಯಾಗಿದೆ. ನಮ್ಮ ಮಷಿನ್‌ಮನ್ ಕಾಕಾ ಅಪ್ಪನ ಕಾಲದಿಂದ ಇದ್ದವರು. ಅವರ ಬೆರಳ ಸಂದಿ ಒಡೆದು ಬೆಳ್ಳಗಾಗಿದೆ. ಸಂಜೆಯಾದರೆ ತಲೆನೋವು ಅನ್ನುತ್ತಾರೆ. ಅದನ್ನು ನೋಡಿಕೊಂಡು ಸುಮ್ನೆ ಇರಲು ನನಗೆ ಆಗುತ್ತಿಲ್ಲ.

ಇನ್ನೊಂದು ತೊಂದರೆ ನೀರಿನದು. ಖಾಲಿ ಜಾಗಕ್ಕೆ ಇಂಕ್ ಹತ್ತದಿರಲಿ ಅಂತ ಪ್ಲೇಟಿಗೆ ನೀರು ಹಚ್ಚಬೇಕಲ್ಲ, ನಮ್ಮದು ಬೋರ್ ನೀರು, ತುಂಬಾ ಗಡಸು. ಪ್ಲೇಟಿನ ಖಾಲಿ ಜಾಗಕ್ಕೂ ಇಂಕ್ ಹತ್ತಿ ಸ್ಕಮ್ ಆಗುತ್ತದೆ. ಅದಕ್ಕೆಂದು ದೊಡ್ಡ ಮಷಿನ್‌ನ ನೀರಿಗೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಜಾಸ್ತಿ ಹಾಕಬೇಕಾಗುತ್ತದೆ. ಅಷ್ಟಾದರೂ ಶೀಟ್ ಹಾಳಾಗುತ್ತವೆ. ತೊಳೆಯಲು ಬಳಸಿದ ಬನಿಯನ್ ವೇಸ್ಟ್ (ಚಿಂದಿ ಬಟ್ಟೆ) ಬೇರೆ ಮೂಲೆಯಲ್ಲಿ ರಾಶಿ ಬಿದ್ದಿರುತ್ತದೆ, ಕಸದ ಗಾಡಿಯವರು ಅದನ್ನು ಮುಟ್ಟುವುದಿಲ್ಲ.

ಹೊಸ ಮಷಿನ್ ತರುವಷ್ಟು ದುಡ್ಡಿಲ್ಲ. ಇರುವುದರಲ್ಲೇ ಎಲ್ಲಿಂದ ಶುರು ಮಾಡಬೇಕು?

ಸುಲ್ತಾನ್‌ಪೇಟೆ ಮಷಿನ್‌ಮನ್

ತಮ್ಮಾ, ನಾನು ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಮಷಿನ್ ಮೇಲೆ ನಿಂತು ದುಡಿದವನು. ಈಗ ಹುಡುಗರಿಗೆ ಕೆಲಸ ಕಲಿಸುತ್ತೇನೆ. ನಿಮ್ಮ ಕಾಕಾನ ಕೈ ಹೇಗಿರಬಹುದು ಅಂತ ನನಗೆ ಗೊತ್ತು. ನೀವು ಅದನ್ನು ಗಮನಿಸಿದ್ದು ದೊಡ್ಡ ವಿಷಯ.

ಪೆಟ್ರೋಲ್ ನಾಳೆಯಿಂದಲೇ ನಿಲ್ಲಿಸಿ. ಅದರಲ್ಲಿ ಬೆಂಜೀನ್ ಇದೆ. ಅದು ಕ್ಯಾನ್ಸರ್ ತರುತ್ತದೆ ಅನ್ನುವುದರಲ್ಲಿ ಅನುಮಾನವೇ ಇಲ್ಲ. ಬೆಂಕಿಯ ಭಯ ಬೇರೆ. ಸೀಮೆಎಣ್ಣೆಯ ಆವಿ ಹೊತ್ತಿಕೊಳ್ಳಲು ಸುಮಾರು 35 ಡಿಗ್ರಿ ದಾಟಬೇಕು. ಪೆಟ್ರೋಲ್ ಆವಿಗೆ ಸೊನ್ನೆಯ ಕೆಳಗೆ 40 ಡಿಗ್ರಿ ಇದ್ದರೂ ಒಂದು ಕಿಡಿ ಸಾಕು. ಅದು ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಡುತ್ತದೆ. ಚಾವಣಿ ಹತ್ತಿರ ಎಕ್ಸಾಸ್ಟ್ ಫ್ಯಾನ್ ಇಟ್ಟು ಗಾಳಿ ಹೋಗ್ತಿದೆ ಅಂದುಕೊಂಡಿರುತ್ತಾರೆ. ಆವಿ ಮಾತ್ರ ಮೋಟಾರಿನ ಬುಡದಲ್ಲಿ ನಿಂತಿರುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಜಪಾನಿನ ಒಸಾಕಾದಲ್ಲಿ ಒಂದು ಆಫ್‌ಸೆಟ್ ಪ್ರೂಫ್ ಪ್ರೆಸ್ ಇತ್ತು. ಪ್ರೂಫ್ ಕೆಲಸ ಅಂದರೆ ಮಾದರಿಗೆ ಕೆಲವೇ ಶೀಟ್ ಹೊಡೆದು ಒಮ್ಮೆ ಬ್ಲಾಂಕೆಟ್ ತೊಳೆಯುವುದು, ದಿನವಿಡೀ ಅದೇ. ಗಾಳಿ ಸರಿಯಾಗಿ ಆಡದ ಕೋಣೆ. ಅಲ್ಲಿನ ಕೆಲಸಗಾರರಿಗೆ ಪಿತ್ತನಾಳದ ಕ್ಯಾನ್ಸರ್ ಬಂದಿದ್ದು 2012ರಲ್ಲಿ ಹೊರಗೆ ಬಂತು. ಮೊದಲ ವರದಿಯಲ್ಲಿದ್ದ 11 ಜನಕ್ಕೂ ರೋಗ ಪತ್ತೆಯಾದಾಗ ವಯಸ್ಸು 25ರಿಂದ 45ರ ಒಳಗೆ. ಸಾಮಾನ್ಯವಾಗಿ ಇದು ವಯಸ್ಸಾದವರಿಗೆ ಬರುವ ರೋಗ. ತೊಳೆಯುವ ದ್ರಾವಣದಲ್ಲಿದ್ದ 1,2-ಡೈಕ್ಲೋರೋಪ್ರೊಪೇನ್ ಇದಕ್ಕೆ ಕಾರಣ ಅಂತ ಗೊತ್ತಾಯಿತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಹಾಗಾಗಿ ಪೆಟ್ರೋಲ್ ಬಿಟ್ಟು ಅಂಗಡಿಯ ಯಾವುದೋ ಲೇಬಲ್ ಇಲ್ಲದ ಕ್ಯಾನ್ ತರಬೇಡಿ. "ಬೇಗ ಆರುತ್ತೆ, ಬೆಂಕಿ ಹತ್ತಲ್ಲ" ಅಂತ ಹೊಗಳಿ ಕೊಟ್ಟರೆ ಇನ್ನೂ ಹುಷಾರು, ಅಂಥವು ಎಷ್ಟೋ ಸಲ ಕ್ಲೋರಿನ್ ಸೇರಿದ ದ್ರಾವಣಗಳೇ. ಒಳಗೆ ಏನಿದೆ ಅಂತ ಬರೆದಿರುವ ಸುರಕ್ಷತಾ ಹಾಳೆ ಕೇಳಿ. ಕೊಡದಿದ್ದರೆ ತರಬೇಡಿ.

ಏನು ಬಳಸಬೇಕು ಅಂದರೆ, ನೀರಿನ ಜೊತೆ ಬೆರೆಸಿ ಬಳಸುವ ರೋಲರ್ ವಾಷ್ ಸಿಗುತ್ತದೆ. ಅದರ ಫ್ಲಾಷ್ ಪಾಯಿಂಟ್, ಅಂದರೆ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆ, 60 ಡಿಗ್ರಿ ಮೇಲಿರಲಿ. ಅಡುಗೆ ಎಣ್ಣೆಯ ಮೂಲದ್ದೂ ಇವೆ, ಅವು 100 ದಾಟುತ್ತವೆ. ಆರುವುದು ನಿಧಾನ, ಬ್ಲಾಂಕೆಟ್ ಮೇಲೆ ತೆಳ್ಳಗೆ ಜಿಡ್ಡು ಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಬೇಕು. ಕಾಕಾ ಮೊದಲು ಗೊಣಗುತ್ತಾರೆ, ಗೊಣಗಲಿ. ಲೀಟರಿಗೆ ದುಡ್ಡು ಜಾಸ್ತಿ ನಿಜ, ಆದರೆ ಪೆಟ್ರೋಲಿನ ಹಾಗೆ ಬಟ್ಟೆ ಮುಟ್ಟುವ ಮೊದಲೇ ಗಾಳಿಗೆ ಹೋಗುವುದಿಲ್ಲ. ತೆರೆದ ಮಗ್ಗಿನಲ್ಲಿ ಇಡಬೇಡಿ, ಸಣ್ಣ ಮೂತಿಯ ಬಾಟಲಿಯಿಂದ ಬಟ್ಟೆಗೆ ಹಾಕಿಕೊಳ್ಳಿ. ಕೈಗೆ ನೈಟ್ರೈಲ್ ಗ್ಲೌಸ್ ಇರಲಿ. ಮನೆಯ ರಬ್ಬರ್ ಗ್ಲೌಸ್ ಈ ಎಣ್ಣೆಗೆ ಉಬ್ಬಿ ಹೋಗುತ್ತದೆ.

ತೊಳೆಯುವುದನ್ನೇ ಕಡಿಮೆ ಮಾಡಬಹುದು, ಅಲ್ವಾ? ಜಾಬ್ ಬಂದ ಹಾಗೆಲ್ಲ ಹಾಕಬೇಡಿ. ಲಗ್ನಪತ್ರಿಕೆಯ ಹಳದಿಯೆಲ್ಲ ಮೊದಲು, ಆಮೇಲೆ ಕೆಂಪು, ಆಮೇಲೆ ಬಿಲ್ ಬುಕ್‌ನ ನೀಲಿ, ಕೊನೆಗೆ ಕಪ್ಪು. ತಿಳಿಯಿಂದ ಗಾಢಕ್ಕೆ ಹೋದರೆ ನಡುವೆ ಒಂದು ಸಲ ತೊಳೆದರೆ ಸಾಕು. ಕಪ್ಪಿನಿಂದ ಹಳದಿಗೆ ಬಂದರೆ ಎರಡು ಮೂರು ಸಲ ತೊಳೆದರೂ ಹಳದಿ ಹಸಿರಾಗಿ ಕಾಣುತ್ತದೆ. ಸಂಜೆ ಕಪ್ಪು ಇದ್ದು ಬೆಳಿಗ್ಗೆಯೂ ಕಪ್ಪೇ ಇದ್ದರೆ ರೋಲರ್ ತೊಳೆಯುವುದೇ ಬೇಡ. ಇಂಕ್ ಕೆನೆಗಟ್ಟದ ಹಾಗೆ ಹೊಡೆಯುವ ಸ್ಪ್ರೇ ಇದೆ.

ಬನಿಯನ್ ವೇಸ್ಟ್ ರಾಶಿ ಹಾಕುವುದು ಅಪಾಯ. ಇಂಕಿನಲ್ಲಿ ಒಣಗುವ ಎಣ್ಣೆ ಇರುತ್ತದೆ, ರಾಶಿಯೊಳಗೆ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಮುಚ್ಚಳ ಇರುವ ಕಬ್ಬಿಣದ ಡಬ್ಬ ಇಡಿ. ಹಾಕುವ ಮೊದಲು ಹಿಂಡಿ. ಹಿಂಡಿದ ದ್ರಾವಣವನ್ನು ಕ್ಯಾನಿನಲ್ಲಿ ಅಲುಗಾಡಿಸದೆ ಬಿಟ್ಟರೆ ಇಂಕ್ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿ ಮುಂದಿನ ಮೊದಲ ಒರೆಸಿಗೆ ಆಗುತ್ತದೆ, ಹೊಸದು ಎರಡನೇ ಒರೆಸಿಗೆ ಮಾತ್ರ.

ಧಾರವಾಡದ ಪ್ರಕಾಶಕಿ

ನಾನು ಕೆಲಸ ಕೊಡುವ ಕಡೆಯವಳು, ವರ್ಷಕ್ಕೆ ಕೆಲವು ಪುಸ್ತಕ ತರುತ್ತೇನೆ. ಪ್ರೆಸ್‌ನವರನ್ನು ಮಾತ್ರ ಕೇಳಿದರೆ ಸಾಲದು ಅಂತ ನನ್ನ ಅಭಿಪ್ರಾಯ. ಅರ್ಧ ವೇಸ್ಟ್ ಹುಟ್ಟುವುದು ನಮ್ಮ ಮೇಜಿನ ಮೇಲೆ.

ಕನ್ನಡದ ಪುಸ್ತಕಗಳು ಬಹುತೇಕ ಡೆಮಿ 1/8. ಒಂದು ಫಾರಂಗೆ, ಅಂದರೆ ಮಡಚಿದ ಒಂದು ದೊಡ್ಡ ಶೀಟಿಗೆ, 16 ಪುಟ. ಪುಸ್ತಕ 130 ಪುಟಕ್ಕೆ ನಿಂತರೆ ಉಳಿದ ಎರಡು ಪುಟಕ್ಕಾಗಿ ಇನ್ನೊಂದು ಪ್ಲೇಟ್, ಇನ್ನೊಂದು ತೊಳೆತ, ಇನ್ನಷ್ಟು ರದ್ದಿ. ಪರಿವಿಡಿಯನ್ನೋ ಮುನ್ನುಡಿಯನ್ನೋ ಸರಿ ಮಾಡಿ 128ಕ್ಕೆ ತರುವುದು ಲೇಖಕರ ಜೊತೆ ಅರ್ಧ ಗಂಟೆ ಕೂತರೆ ಆಗುವ ಕೆಲಸ. ಇನ್ನೂರು ಮುನ್ನೂರು ಪ್ರತಿ ಮಾತ್ರ ಬೇಕಿದ್ದರೆ ಆಫ್‌ಸೆಟ್‌ಗೆ ಹೋಗುವುದಿಲ್ಲ, ಡಿಜಿಟಲ್‌ನಲ್ಲಿ ಮಾಡಿಸುತ್ತೇನೆ. ಮಷಿನ್ ಸೆಟ್ ಆಗುವಷ್ಟರಲ್ಲಿ ಹೋಗುವ ಶೀಟುಗಳು ಮುನ್ನೂರಕ್ಕೂ ಸಾವಿರಕ್ಕೂ ಒಂದೇ.

ಮುಖಪುಟದ ಮ್ಯಾಟ್ ಲ್ಯಾಮಿನೇಷನ್ ಅಂದರೆ ಪ್ಲಾಸ್ಟಿಕ್ ಹಾಳೆ ಅಂಟಿಸುವುದು. ಆ ರಟ್ಟು ಆಮೇಲೆ ಸಾಮಾನ್ಯ ರದ್ದಿಗೆ ಸೇರುವುದಿಲ್ಲ. ಓದಿ ಓದಿ ಸವೆಯುವ ಪುಸ್ತಕಕ್ಕೆ ಇರಲಿ. ಸ್ಮರಣ ಸಂಚಿಕೆಗೆ ನೀರು ಮೂಲದ ವಾರ್ನಿಷ್ ಸಾಕು. ಲಗ್ನಪತ್ರಿಕೆಗೆ ಸುತ್ತುವ ತೆಳು ಪ್ಲಾಸ್ಟಿಕ್ ಅಂತೂ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಗಿರಾಕಿ ಕೇಳಿದರೆ ಅದನ್ನೇ ಹೇಳಿ, ಅಣ್ಣ.

ಬೆಟಗೇರಿ ಪ್ರೆಸ್

ಇಬ್ಬರಿಗೂ ತುಂಬಾ ಧನ್ಯವಾದ. ಒಸಾಕಾದ ವಿಷಯ ಕಾಕಾಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಆ ಗ್ಲೌಸ್ ತರ್ರಿ" ಅಂದರು.

ಅಣ್ಣಾ, ಬೋರ್ ನೀರಿನದು ಉಳಿಯಿತು. ಕ್ಯಾನಿನ ತಳದ ಕೆಸರು, ಡಬ್ಬದ ಬಟ್ಟೆ ಕೊನೆಗೆ ಎಲ್ಲಿಗೆ? ಚರಂಡಿಗೆ ಬಿಡಲು ಮನಸ್ಸಿಲ್ಲ. ಮಷಿನ್ ಸೆಟ್ ಮಾಡುವಾಗ ಹೋಗುವ ಶೀಟನ್ನು ಪಕ್ಕದ ಮಿರ್ಚಿ ಅಂಗಡಿಯವರು ಕೇಳುತ್ತಾರೆ, ಕೊಡಬಹುದಾ?

ಹುಬ್ಬಳ್ಳಿ ಪರಿಸರ

ಕೆಸರು ಮತ್ತು ಬಟ್ಟೆಯ ಬಗ್ಗೆ ಮಾತ್ರ ಹೇಳುತ್ತೇನೆ, ನನ್ನ ಕೆಲಸ ಇದೇ. ಇವನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ನೋಡಿಕೊಳ್ಳಿ. ಸುಡಬಾರದು, ಚರಂಡಿಗೆ ಬಿಡಬಾರದು, ಊರ ಕಸಕ್ಕೆ ಸೇರಿಸಬಾರದು. ಇಟ್ಟುಕೊಳ್ಳಲು 90 ದಿನದ ಮಿತಿ ಇದೆ. ವರ್ಷಕ್ಕೆ 10 ಟನ್ ಒಳಗೆ ಇರುವವರಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಇದನ್ನು 180 ದಿನದವರೆಗೆ ವಿಸ್ತರಿಸಬಹುದು. ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಅನುಮತಿ ಇರುವ ವಿಲೇವಾರಿದಾರರ ಪಟ್ಟಿ ಕೇಳಿ. ಒಬ್ಬ ಸಣ್ಣ ಪ್ರೆಸ್‌ನವರ ಒಂದು ಕ್ಯಾನಿಗೆ ಗಾಡಿ ಬರುವುದಿಲ್ಲ. ಗದಗದಲ್ಲಿ ಇಷ್ಟೊಂದು ಪ್ರೆಸ್‌ಗಳಿವೆ, ನಾಲ್ಕೈದು ಜನ ಸೇರಿ ಒಂದೇ ದಿನ ಕಳಿಸುವ ಹಾಗೆ ಮಾತಾಡಿಕೊಳ್ಳಿ. ಹಳೇ ಅಲ್ಯೂಮಿನಿಯಂ ಪ್ಲೇಟನ್ನು ಒರೆಸಿ ಬೇರೆಯಾಗಿ ಇಡಿ, ಅದಕ್ಕೆ ಗುಜರಿಯಲ್ಲಿ ಒಳ್ಳೆ ಬೆಲೆ ಇದೆ. ಆ ದುಡ್ಡನ್ನು ಈ ಖರ್ಚಿಗೆ ಎತ್ತಿಟ್ಟರೆ ಭಾರ ಅನಿಸುವುದಿಲ್ಲ.

ಸುಲ್ತಾನ್‌ಪೇಟೆ ಮಷಿನ್‌ಮನ್

ಮಿರ್ಚಿ ಅಂಗಡಿಗೆ ಬೇಡ ತಮ್ಮಾ. ಬಿಸಿ ಎಣ್ಣೆ ತಾಗಿದರೆ ಇಂಕ್ ಸೀದಾ ತಿಂಡಿಗೆ ಇಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದಲ್ಲೇ ನ್ಯೂಸ್‌ಪೇಪರ್‌ನಂಥ ಕಾಗದದಲ್ಲಿ ತಿಂಡಿ ಕಟ್ಟಬಾರದು ಅಂತ ಇದೆ. ಆ ಶೀಟುಗಳನ್ನು ಅಳತೆ ಪ್ರಕಾರ ಜೋಡಿಸಿ ಇಟ್ಟುಕೊಳ್ಳಿ. ಮುಂದಿನ ಜಾಬ್ ಸೆಟ್ ಮಾಡುವಾಗ ಮೊದಲು ಅವೇ ಓಡಲಿ, ಬಣ್ಣ ಮತ್ತು ರಿಜಿಸ್ಟರ್ (ಅಚ್ಚು ಸರಿಯಾದ ಜಾಗಕ್ಕೆ ಬೀಳುವುದು) ಕೂತ ಮೇಲೆ ಹೊಸ ಕಾಗದ. ಎರಡೂ ಮಗ್ಗುಲು ತುಂಬಿದ ಮೇಲೆ ರದ್ದಿಗೆ ಹಾಕಿ.

ನೀರಿನ ವಿಷಯ. ಗಡಸು ನೀರಿನ ಸುಣ್ಣದ ಅಂಶ ರೋಲರ್ ಮೇಲೆ ಕೂರುತ್ತದೆ. ಅಲ್ಲಿ ಇಂಕ್ ಹಿಡಿಯುವುದಿಲ್ಲ. ಜೊತೆಗೆ ನೀರಿನ ಪಿಎಚ್ ಏರುತ್ತದೆ, ಸ್ಕಮ್ ಶುರುವಾಗುತ್ತದೆ. ಐಪಿಎ ಸುರಿದು ಅದನ್ನು ಮುಚ್ಚುತ್ತಿದ್ದೀರಿ, ಅಷ್ಟೇ. ಆ ಐಪಿಎ ಎಲ್ಲ ಕೋಣೆಯ ಗಾಳಿಗೇ ಹೋಗುತ್ತದೆ. ಸಣ್ಣ ಆರ್‌ಒ ಹಾಕಿಸಿ. ಪೂರ್ತಿ ಆರ್‌ಒ ನೀರು ತೀರಾ ಮೆದು, ಅದೂ ಆಗಿ ಬರುವುದಿಲ್ಲ. ಬೋರ್ ನೀರು ಸ್ವಲ್ಪ ಬೆರೆಸಿ ಗಡಸುತನ 150ರಿಂದ 200 ಪಿಪಿಎಂ ಹತ್ತಿರ ಇಡಿ. ಆಮೇಲೆ ಆ ನೀರಿಗೆ ಬೆರೆಸುವ ಫೌಂಟನ್ ಸೊಲ್ಯೂಷನ್ ಅಳೆದು ಹಾಕಿ. ಮುಚ್ಚಳದ ಅಂದಾಜಿನಲ್ಲಿ ಬೇಡ. ಪಿಎಚ್ 5ರ ಆಸುಪಾಸು ಇರಲಿ. ನಂತರ ಐಪಿಎ ಒಂದೊಂದೇ ಪರ್ಸೆಂಟ್ ಇಳಿಸುತ್ತಾ ಬನ್ನಿ. ಮಿನಿ ಆಫ್‌ಸೆಟ್‌ನಲ್ಲಿ ಪ್ಲೇಟಿಗೆ ನೀರು ಹಚ್ಚುವ ರೋಲರ್‌ಗೆ (ಡ್ಯಾಂಪನರ್) ಬಟ್ಟೆ ಸುತ್ತಿದ್ದರೆ ಅದಕ್ಕೆ ಐಪಿಎ ಬೇಕಾಗಿಯೇ ಇಲ್ಲ. ಆರ್‌ಒದಿಂದ ಹೊರಬರುವ ನೀರು ನೆಲ ಒರೆಸಲು, ಟಾಯ್ಲೆಟ್ಟಿಗೆ ಇರಲಿ.

ಮೊದಲು ನೀರನ್ನು ಒಂದು ಲ್ಯಾಬಿಗೆ ಕೊಡಿ. ರಿಪೋರ್ಟಿನಲ್ಲಿ ಬರುವ ಗಡಸುತನದ ಅಂಕಿಯನ್ನು ಇಲ್ಲೇ ಹಾಕಿ, ಎಷ್ಟಕ್ಕೆ ಎಷ್ಟು ಬೆರೆಸಬೇಕು ಅಂತ ಲೆಕ್ಕ ಮಾಡಿ ಹೇಳುತ್ತೇನೆ.