ಹಳೇ ಬಿಲ್ಲಿಂಗ್ ಕಂಪ್ಯೂಟರ್ ಯಾವಾಗ ಬದಲಿಸಬೇಕು? ಸಿಸ್ಟಂ ಸರ್ವಿಸ್‌ನವರಿಗೆ ಕೇಳ್ರಿ

ಬಟ್ಟೆ ಅಂಗಡಿ, ಕಲಬುರಗಿ: ಸರ, ವಿಂಡೋಸ್ 10 ಬಂದ್ ಆಗ್ಯಾದ ಅಂತಾರ. ನಮ್ಮದು ಚಲೋ ನಡದದ. ಬದಲಿಸಬೇಕೇನ್ರಿ?

ಸಿಸ್ಟಂ ಸರ್ವಿಸ್: ಬಂದ್ ಆಗಿಲ್ರಿ. 2025ರ ಅಕ್ಟೋಬರ್ 14ಕ್ಕ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ ನಿಂತಾವ. ಬಿಲ್ ಹೊಡೀತದ. ಆದ್ರ ಅದೇ ಮಷಿನ್ನಾಗ ಬ್ಯಾಂಕ್, ಜಿಎಸ್‌ಟಿ ಪೋರ್ಟಲ್ ತೆಗೀತಿದ್ರ ತಡ ಮಾಡಬ್ಯಾಡ್ರಿ. ಇಂಟೆಲ್ 8ನೇ ಜನರೇಷನ್ ಇಲ್ಲಾ ಅದರ ಮುಂದಿನ ಪ್ರೊಸೆಸರ್, ಟಿಪಿಎಂ 2.0 (ಸೆಕ್ಯುರಿಟಿ ಚಿಪ್) ಇದ್ರ ಅದರಾಗೇ ವಿಂಡೋಸ್ 11 ಕೂಡ್ತದ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಹಾಕಿಸ್ರಿ, ಹೊಸ ಮಷಿನ್ ಬೇಕಾಗಿಲ್ಲ.

ಕಿರಾಣಿ, ಶಹಾಬಜಾರ: ಸರ, ನಮ್ಮದು ವಿಂಡೋಸ್ ಎಕ್ಸ್‌ಪಿ, ಹಳೇ ಡಾಸ್ ಕಾಲದ ಫಾಕ್ಸ್‌ಪ್ರೋ ಬಿಲ್ಲಿಂಗ್ ಪ್ರೋಗ್ರಾಂ. ನಿನ್ನೆಯಿಂದ ಹಾರ್ಡ್‌ಡಿಸ್ಕ್ ಟಕ್ ಟಕ್ ಸಪ್ಪಳ ಮಾಡ್ಲಿಕತ್ತದ. ಉದ್ರಿ ಖಾತೆ ಎಲ್ಲಾ ಅದರಾಗೇ ಅದ. ಬ್ಯಾಕಪ್ ಡಿ ಡ್ರೈವ್‌ನಾಗ ಅದ.

ಮೊಬೈಲ್ ಅಂಗಡಿ: ಫಾರ್ವರ್ಡ್ ಬಂದದ ನೋಡ್ರಿ: "ಡಿಸ್ಕ್ ಸಪ್ಪಳ ಬಂದರೆ ಚೆಕ್‌ಡಿಸ್ಕ್, ಆಮೇಲೆ ಡಿಫ್ರ್ಯಾಗ್ ಮಾಡಿ, ನೂರಕ್ಕೆ ನೂರು ಸರಿಹೋಗುತ್ತದೆ."

ಸಿಸ್ಟಂ ಸರ್ವಿಸ್: ಯಾರೂ ಮಾಡಬ್ಯಾಡ್ರಿ! ಚೆಕ್‌ಡಿಸ್ಕ್ ಇಡೀ ಡಿಸ್ಕ್ ತಡಕ್ತದ, ಓದಲಿಕ್ಕಾಗದ ಫೈಲಿನ ತುಂಡು ಬೇರೆ ಮಾಡಿ ಒಗೀತದ. ಡಿಫ್ರ್ಯಾಗ್ ಇದ್ದ ಫೈಲೆಲ್ಲಾ ಎತ್ತಿ ಬೇರೆ ಕಡೆ ಬರೀತದ. ಸಾಯೋ ಡಿಸ್ಕಿಗೆ ಎರಡೂ ಕಡೀ ಏಟು.

ಕಿರಾಣಿಯವರ, ಈಗಲೇ ಸ್ವಿಚ್ ಬಂದ್ ಮಾಡ್ರಿ. ಡಿ ಡ್ರೈವ್ ಅದೇ ಡಿಸ್ಕಿನ ಇನ್ನೊಂದು ಭಾಗ ಆಗಿದ್ರ ಅದು ಬ್ಯಾಕಪ್ ಅಲ್ಲ. ಡಿಸ್ಕ್ ಬಿಚ್ಚಿ ಯುಎಸ್‌ಬಿ ಅಡಾಪ್ಟರ್‌ಗೆ ಹಚ್ಚಬೇಕು, 12 ವೋಲ್ಟ್ ಬೇರೆ ಸಪ್ಲೈ ಇರೋದೇ ಬೇಕು, ಇಲ್ಲಾಂದ್ರ ಡೆಸ್ಕ್‌ಟಾಪ್‌ನ ದೊಡ್ಡ ಡಿಸ್ಕ್ ತಿರುಗಂಗಿಲ್ಲ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಡಿಡಿರೆಸ್ಕ್ಯೂ (ಇಡೀ ಡಿಸ್ಕ್ ಬೇರೆ ಕಡೆ ನಕಲು ಮಾಡೋ ಪ್ರೋಗ್ರಾಂ) ನಡಸಬೇಕು: ಮೊದಲ ಸುತ್ತಿಗೆ ಚಲೋ ಭಾಗ, ಕೆಟ್ಟದ್ದು ಆಮ್ಯಾಲ. ಡಿಸ್ಕ್ ಸಿಸ್ಟಂಗೇ ಕಾಣಲಿಲ್ಲಾಂದ್ರ ಅಲ್ಲಿಗೇ ಬಿಡ್ರಿ, ಡೇಟಾ ರಿಕವರಿಯವರ ಕೆಲಸ ಅದು.

ನಕಲು ಆದಮ್ಯಾಲ ನಕಲಿನಿಂದಲೇ ಫೈಲ್ ತೆಗೀರಿ. ಫಾಕ್ಸ್‌ಪ್ರೋ ಲೆಕ್ಕ ಇರೋ ಡಿಬಿಎಫ್ ಫೈಲ್ ಜೊತೆ ಎಫ್‌ಪಿಟಿ ಫೈಲ್ ಬರಲೇಬೇಕು, ಅದಿಲ್ಲಾಂದ್ರ ಮೆಮೊ (ಉದ್ದನ ಬರಹ) ಇರೋ ಟೇಬಲ್ ತೆರೆಯಂಗಿಲ್ಲ. ಸಿಡಿಎಕ್ಸ್ (ಹುಡುಕೋ ಇಂಡೆಕ್ಸ್ ಫೈಲ್) ಕೆಟ್ಟಿದ್ರ ಚಿಂತಿ ಇಲ್ಲ, ಇಂಡೆಕ್ಸ್ ಮತ್ತ ಮಾಡಬಹುದು. 64 ಬಿಟ್ ವಿಂಡೋಸ್‌ನಾಗ ಡಾಸ್ ಪ್ರೋಗ್ರಾಂ ನೇರ ಓಡಂಗಿಲ್ಲ, ವಿಂಡೋಸ್ 11 ಬರೋದೇ 64 ಬಿಟ್. ಹಳೇದು ನೋಡಲಿಕ್ಕ ವರ್ಚುವಲ್ ಮಷಿನ್ (ಹೊಸ ಕಂಪ್ಯೂಟರ್ ಒಳಗೇ ಹಳೇ ಕಂಪ್ಯೂಟರ್‌ನಂಗ ನಡಿಯೋ ಸಾಫ್ಟ್‌ವೇರ್) ಇಡ್ರಿ, ಅದಕ್ಕ ನೆಟ್ ಕೊಡಬ್ಯಾಡ್ರಿ. ಹೊಸ ಸಾಫ್ಟ್‌ವೇರ್‌ಗೆ ಮಾಲಿನ ಪಟ್ಟಿ, ಇದ್ದ ಸ್ಟಾಕ್, ಗಿರಾಕಿ ಬಾಕಿ ಇಷ್ಟೇ ಒಯ್ಯಿರಿ. ಬಾಕಿ ಪ್ರಿಂಟ್ ತೆಗೆದು ಖಾತೆ ವಹಿಗೆ ತಾಳೆ ನೋಡ್ರಿ. ಹಳೇ ಬಿಲ್ ಅಳಿಸಬ್ಯಾಡ್ರಿ: ಜಿಎಸ್‌ಟಿ ಲೆಕ್ಕ ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು ಇಡಬೇಕು.

ಮೆಡಿಕಲ್, ಸೂಪರ್ ಮಾರ್ಕೆಟ್: ಇದೆಲ್ಲಾ ಯಾಕ್ರಿ? ಆನ್‌ಲೈನ್ ಸಾಫ್ಟ್‌ವೇರ್ ತಗೋರಿ, ಡೇಟಾ ಹೋಗಂಗಿಲ್ಲ.

ಹಾರ್ಡ್‌ವೇರ್, ಜೇವರ್ಗಿ ರೋಡ್: ನೆಟ್ ಹೋದ್ರ ಗಿರಾಕಿಗೆ ಏನ್ ಕೊಡ್ತೀರಿ?

ಮೆಡಿಕಲ್: ಆಫ್‌ಲೈನ್ ಬಿಲ್ ಆಗ್ತದ, ನೆಟ್ ಬಂದಮ್ಯಾಲ ಸಿಂಕ್ ಆಗ್ತದ. ತಿಳೀದೆ ಮಾತಾಡಬ್ಯಾಡ್ರಿ.

ಹಾರ್ಡ್‌ವೇರ್: ಎರಡು ಕೌಂಟರ್ ಇದ್ರ ಒಂದೇ ಬಿಲ್ ನಂಬರ್ ಎರಡು ಸಲ ಬೀಳ್ತದ. ಅದು ನಿಮಗ ತಿಳದದೇನು?

ಸಿಸ್ಟಂ ಸರ್ವಿಸ್: ಕೌಂಟರ್‌ಗೊಂದು ಸರಣಿ ಇಡ್ರಿ, ನಂಬರ್ 16 ಅಕ್ಷರ ಮೀರಬಾರದು. ಮುಗೀತು. ಜಗಳ ಬೇರೆ ಕಡೆ ಮಾಡ್ರಿ.

ಕಿರಾಣಿ, ಯಾದಗಿರಿ: ತೂಕದ ಯಂತ್ರದ ಹಳೇ ಸೀರಿಯಲ್ ಕೇಬಲ್ ಹೊಸ ಮಷಿನ್‌ಗೆ ಕೂಡ್ತದೇನ್ರಿ?

ಸ್ಟೇಷನರಿ ಅಂಗಡಿ: ಸರ, ವಿಂಡೋಸ್ 10 ನಡೀತದೇನ್ರಿ?

ಸಿಸ್ಟಂ ಸರ್ವಿಸ್: ಮ್ಯಾಲ ಬರದೀನಿ.

ಚಪ್ಪಲಿ ಅಂಗಡಿ, ಬೀದರ್: ದೀಪಾವಳಿ ಮುಂದದ, ಈಗ ಬದಲಿಸಿದ್ರ ಗದ್ದಲಕ್ಕ ಅನುಕೂಲ ಆಗ್ತದಲ್ರಿ?

ಸಿಸ್ಟಂ ಸರ್ವಿಸ್: ಆಗಂಗಿಲ್ಲ. ಹುಡುಗರಿಗೆ ಹೊಸ ಸ್ಕ್ರೀನ್ ರೂಢಿ ಆಗೋದ್ರಾಗ ಸಾಲು ಬೀದಿಗೆ ಬರ್ತದ. ಡಿಸ್ಕ್ ಗಟ್ಟಿ ಇದ್ರ ತಡೀರಿ. ಮಾರ್ಚ್ 31ರ ರಾತ್ರಿ ಸ್ಟಾಕ್ ಎಣಸಿ, ಏಪ್ರಿಲ್ 1ಕ್ಕ ಹೊಸ ಬಿಲ್ ಸರಣಿ ಶುರು ಮಾಡ್ರಿ. ಅದಕ್ಕೂ ಮೊದಲು ಒಂದು ವಾರ ಹೊಸ ಸಾಫ್ಟ್‌ವೇರ್‌ನಾಗ ಟ್ರಯಲ್ ಕಂಪನಿ (ಪರೀಕ್ಷೆಗಷ್ಟೇ ಬೇರೆ ಲೆಕ್ಕ) ತೆಗೆದು ಮಾಲು ವಾಪಸ್, ರಿಯಾಯಿತಿ, ಉದ್ರಿ ಬಿಲ್ ಹೊಡದು ನೋಡ್ರಿ. ತಪ್ಪೋದು ಅಲ್ಲೇ.

ಸ್ಟೇಷನರಿ ಅಂಗಡಿ: ಸರ, ನಮ್ಮದು 7ನೇ ಜನರೇಷನ್ ಅದ...

ಮೊಬೈಲ್ ಅಂಗಡಿ: ಇನ್ನೊಂದು ಬಂತು: "ಕೆಟ್ಟ ಹಾರ್ಡ್‌ಡಿಸ್ಕ್ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಡೇಟಾ ಬರುತ್ತದೆ."

ಸಿಸ್ಟಂ ಸರ್ವಿಸ್: ಹೊರಗ ತೆಗೆದ ಕೂಡ್ಲೇ ತಣ್ಣನ ಡಿಸ್ಕ್ ಬೆವರ್ತದ, ಕರೆಂಟ್ ಕೊಟ್ರ ಇದ್ದದ್ದೂ ಹೋಗ್ತದ. ಇನ್ನೊಂದು ಫಾರ್ವರ್ಡ್ ಹಾಕಿದ್ರ ನಾನು ಉತ್ತರ ಬರೆಯೋದು ನಿಲ್ಲಸ್ತೀನಿ.

ಕಿರಾಣಿ, ಶಹಾಬಜಾರ: ಬಂದ್ ಮಾಡೀವ್ರಿ. ಒಮ್ಮೆ ಆನ್ ಮಾಡಿ ಬಾಕಿ ಪಟ್ಟಿ ಅಷ್ಟೇ ಪ್ರಿಂಟ್ ತೆಗೀಲೇನ್ರಿ?

ಸಿಸ್ಟಂ ಸರ್ವಿಸ್: ಬ್ಯಾಡ್ರಿ. ಡಿಸ್ಕ್ ಬಿಚ್ಚಿ, ಅಲುಗಾಡದಂಗ ಸುತ್ತಿ ತಗೊಂಡು ಬರ್ರಿ.